ಮೊಬಲಗನ್ನು ಕನ್ನಡದಲ್ಲಿ ಬರೆಯುವ ಆಡ್-ಇನ್: ಸಂಘದ ಕಚೇರಿಗೆ ಒಂದು ಪಾಠ

ಬೆಳೆಗಾರನಿಗೆ ಸಂಘದಿಂದ ಕೈಸೇರುವ ಕಾಗದಗಳಲ್ಲಿ ಮಾರಾಟದ ಪಟ್ಟಿಗಿಂತ ಮುಖ್ಯವಾದುದು ಬೇರೊಂದಿಲ್ಲ. ವರ್ಷದ ದುಡಿಮೆ, ಕೊನೆ ತೆಗೆಯುವವನ ಕೂಲಿ, ಗೊಬ್ಬರದ ಸಾಲ, ಬೋರಿನ ರಿಪೇರಿ ಎಲ್ಲವೂ ಆ ಕಾಗದದ ಕೊನೆಯ ಸಾಲಿಗೆ ಬಂದು ನಿಲ್ಲುತ್ತವೆ. ಆ ಸಾಲಿನಲ್ಲಿ ಮೊಬಲಗನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವುದು ಹಿಂದಿನವರು ಹಾಕಿಕೊಟ್ಟ ಪದ್ಧತಿ. ಅಂಕಿಯನ್ನು ತಿದ್ದುವುದು ಸುಲಭ. 1 ಎಂಬುದು 4 ಆಗುತ್ತದೆ, 3 ಎಂಬುದು 8 ಆಗುತ್ತದೆ, ಕೊನೆಗೊಂದು ಸೊನ್ನೆ ಸೇರಿದರೆ ಕೇಳುವವರಿಲ್ಲ. ಅಕ್ಷರವನ್ನು ಹಾಗೆ ತಿದ್ದಲು ಬರುವುದಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೇ ಕಲಮು ಹೇಳುವುದೂ ಇದನ್ನೇ: ಚೆಕ್ಕು ಮುಂತಾದವುಗಳಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದ ಮೊಬಲಗೇ ಸರಿ. ಮಾರಾಟದ ಪಟ್ಟಿ ಆ ಕಾಯಿದೆಯ ಕೆಳಗೆ ಬರುವ ಕಾಗದವಲ್ಲ, ನಿಜ. ಆದರೂ ಆ ಕಲಮಿನ ಹಿಂದಿರುವ ವಿವೇಕ ಪಟ್ಟಿಗೂ ಸಲ್ಲುತ್ತದೆ.

ಕೈಬರಹದ ಪಟ್ಟಿ ಹೋಗಿ ಕಂಪ್ಯೂಟರಿನ ಪಟ್ಟಿ ಬಂದ ಮೇಲೆ ಅನೇಕ ಸಣ್ಣ ಸಂಘಗಳಲ್ಲಿ ಈ ಅಕ್ಷರದ ಸಾಲು ಮಾಯವಾಗಿದೆ. ಇಲ್ಲವೇ ಇಂಗ್ಲಿಷಿನಲ್ಲಿ ಬರುತ್ತಿದೆ. ಚೋರನೂರಿನ ಕಡೆ ಕೊಳವೆಬಾವಿಯನ್ನು ನೆಚ್ಚಿ ಅಡಿಕೆ ಇಟ್ಟವರಿರಲಿ, ಈ ಪತ್ರಿಕೆಯನ್ನು ಓದುವ ಮಲೆನಾಡಿನ ಕಾಫಿಯವರಿರಲಿ, ಇಂಗ್ಲಿಷಿನ ಆ ಸಾಲನ್ನು ಓದಿ ನೋಡಿ ರುಜು ಹಾಕುವವರು ಎಷ್ಟು ಮಂದಿ? ತನ್ನ ಹಣದ ಲೆಕ್ಕವನ್ನು ತಾನೇ ಓದಲಾಗದ ಸದಸ್ಯ ಗುಮಾಸ್ತನ ಮುಖ ನೋಡಿ ನಂಬಬೇಕಾಗುತ್ತದೆ. ಗುಮಾಸ್ತ ಒಳ್ಳೆಯವನೇ ಇರಬಹುದು. ಆದರೂ ಸಹಕಾರ ಸಂಘ ನಡೆಯಬೇಕಾದ ರೀತಿ ಅದಲ್ಲ.

ಹಾಗಾದರೆ ಈ ಕೆಲಸವನ್ನು ಎಕ್ಸೆಲ್ ತಾನೇ ಮಾಡಲಾರದೆ ಎಂದು ಕೇಳಬಹುದು. ತಮಾಷೆಯೆಂದರೆ, ಥಾಯ್ಲೆಂಡಿನವರಿಗೆ ಮಾಡಿಕೊಡುತ್ತದೆ. ಸಂಖ್ಯೆಯನ್ನು ಥಾಯ್ ಭಾಷೆಯಲ್ಲಿ ಬರೆದು ಕೊನೆಗೆ ಅವರ ನಾಣ್ಯವಾದ ಬಾತ್ ಎಂಬುದನ್ನು ಸೇರಿಸುವ ‘ಬಾತ್‌ಟೆಕ್ಸ್ಟ್’ ಎಂಬ ಸೂತ್ರ ಎಕ್ಸೆಲ್‌ನಲ್ಲಿಯೇ ಇದೆ. ರೂಪಾಯಿಗೆ ಅಂಥ ಸೂತ್ರವಿಲ್ಲ, ಕನ್ನಡಕ್ಕಂತೂ ಇಲ್ಲ. ಮೈಕ್ರೋಸಾಫ್ಟ್ ಕಂಪನಿಯವರು ‘ಸ್ಪೆಲ್‌ನಂಬರ್’ ಎಂಬ ಮಾದರಿ ಕಾರ್ಯಕ್ರಮವೊಂದನ್ನು ಪ್ರಕಟಿಸಿದ್ದಾರೆ. ಅದು ಮೂರು ಮೂರು ಅಂಕಿಗಳ ಗುಂಪು ಮಾಡಿ ಥೌಸಂಡ್, ಮಿಲಿಯನ್, ಡಾಲರ್ ಎಂದು ಇಂಗ್ಲಿಷಿನಲ್ಲಿ ಬರೆಯುತ್ತದೆ. ನಮ್ಮ ಲಕ್ಷ, ಕೋಟಿ ಅದಕ್ಕೆ ಗೊತ್ತಿಲ್ಲ. ಆದುದರಿಂದ ಇದು ನಾವೇ ಮಾಡಿಕೊಳ್ಳಬೇಕಾದ ಕೆಲಸ. ಮಾಡಿಕೊಳ್ಳಬಹುದಾದ ಕೆಲಸವೂ ಹೌದು.

ಆಡ್-ಇನ್ ಎಂದರೇನು?

ಕಾರ್ಬನ್ ಫೈಬರ್ ದೋಟಿಯನ್ನು ಕಂಪನಿ ಮಾಡಿ ಮಾರುತ್ತದೆ. ಅದರ ತುದಿಗೆ ಕಟ್ಟುವ ಕತ್ತಿ ಎಷ್ಟು ಬಾಗಿರಬೇಕು, ಎಷ್ಟು ತೂಕವಿರಬೇಕು ಎಂಬುದನ್ನು ನಮ್ಮ ಮರ ನೋಡಿ ನಮ್ಮ ಊರಿನ ಕಮ್ಮಾರನೇ ತಟ್ಟಿಕೊಟ್ಟರೆ ಚೆನ್ನ. ಆಡ್-ಇನ್ ಎಂಬುದು ಆ ಕತ್ತಿಯಂತೆ. ಎಕ್ಸೆಲ್ ಎಂಬ ದೋಟಿ ಕಂಪನಿಯದು. ತುದಿಗೆ ಕಟ್ಟಿದ ಸೂತ್ರ ನಮ್ಮದು. 1993ರಲ್ಲಿ ಬಂದ ಎಕ್ಸೆಲ್ 5ನೇ ಆವೃತ್ತಿಯಿಂದ ಅದರೊಳಗೆ ‘ವಿಷುಯಲ್ ಬೇಸಿಕ್’ ಎಂಬ ಒಂದು ಸಣ್ಣ ಭಾಷೆ ಇದೆ. ಆ ಭಾಷೆಯಲ್ಲಿ ಸೂತ್ರ ಬರೆದು, ಕಡತವನ್ನು ಉಳಿಸುವಾಗ ‘ಎಕ್ಸೆಲ್ ಆಡ್-ಇನ್’ ಎಂಬ ಬಗೆಯನ್ನು ಆರಿಸಿದರೆ (2007ರ ಆವೃತ್ತಿಯಿಂದೀಚೆಗೆ ಇದರ ಬಾಲಂಗೋಚಿ ಎಕ್ಸ್‌ಎಲ್‌ಎಎಂ) ಆ ಸೂತ್ರ ಯಾವುದೋ ಒಂದು ಲೆಕ್ಕದ ಪುಸ್ತಕಕ್ಕೆ ಅಂಟಿಕೊಳ್ಳದೆ, ಆ ಕಂಪ್ಯೂಟರಿನಲ್ಲಿ ತೆರೆದ ಎಲ್ಲ ಪುಸ್ತಕಗಳಿಗೂ ದೊರೆಯುತ್ತದೆ. ಅಡಿಕೆ ಪಟ್ಟಿ, ಕಾಫಿ ಪಟ್ಟಿ, ಮುಂಗಡದ ಖಾತೆ, ಡಿವಿಡೆಂಡಿನ ಚೀಟಿ, ಎಲ್ಲಕ್ಕೂ ಒಂದೇ ಕತ್ತಿ.

ಮಾಡುವ ಕ್ರಮ ಹೀಗೆ. ಹೊಸ ಪುಸ್ತಕವನ್ನು ತೆರೆದು ಆಲ್ಟ್ ಕೀಲಿಯೊಡನೆ ಎಫ್-11 ಒತ್ತಬೇಕು. ಬರೆಯುವ ಕಿಟಕಿ ತೆರೆಯುತ್ತದೆ. ಅಲ್ಲಿ ‘ಇನ್ಸರ್ಟ್’ನಲ್ಲಿ ‘ಮಾಡ್ಯೂಲ್’ ಆರಿಸಿ ಸೂತ್ರವನ್ನು ಬರೆಯಬೇಕು. ಮುಗಿದ ಮೇಲೆ ಆಡ್-ಇನ್ ಆಗಿ ಉಳಿಸಿ, ಫೈಲ್, ಆಪ್ಷನ್ಸ್, ಆಡ್-ಇನ್ಸ್ ಎಂಬಲ್ಲಿಗೆ ಹೋಗಿ, ಕೆಳಗಿನ ‘ಗೋ’ ಗುಂಡಿಯನ್ನು ಒತ್ತಿ, ಬರುವ ಯಾದಿಯಲ್ಲಿ ನಮ್ಮ ಹೆಸರಿನ ಮುಂದೆ ಗುರುತು ಹಾಕಿದರೆ ಆಯಿತು. ಇಷ್ಟನ್ನು ಯಾವ ಹುಡುಗನಾದರೂ ಹತ್ತು ನಿಮಿಷದಲ್ಲಿ ತೋರಿಸಿಕೊಡುತ್ತಾನೆ. ಕಷ್ಟವಿರುವುದು ಸೂತ್ರದ ಒಳಗೆ.

ಕನ್ನಡದ ಎಣಿಕೆಯ ಗುಣ

4,37,285 ರೂಪಾಯಿ 50 ಪೈಸೆ ಎಂಬ ಮೊಬಲಗನ್ನು ತೆಗೆದುಕೊಳ್ಳೋಣ. ಇದರಲ್ಲಿ ಕೋಟಿ ಇಲ್ಲ. ಲಕ್ಷದಿಂದ ಭಾಗಿಸಿದರೆ 4, ಉಳಿದದ್ದು 37,285. ಸಾವಿರದಿಂದ ಭಾಗಿಸಿದರೆ 37, ಉಳಿದದ್ದು 285. ನೂರರಿಂದ ಭಾಗಿಸಿದರೆ 2, ಉಳಿದದ್ದು 85. ಶಾಲೆಯಲ್ಲಿ ಮಾಡಿದ ಲೆಕ್ಕವೇ. ಸೂತ್ರ ಇದನ್ನು ಅನಾಯಾಸವಾಗಿ ಮಾಡುತ್ತದೆ. ಇನ್ನು ಈ ನಾಲ್ಕು ತುಂಡುಗಳಿಗೆ ಕನ್ನಡದ ಮಾತು ಕೊಡಬೇಕು.

ಇಂಗ್ಲಿಷಿನ ಕಾರ್ಯಕ್ರಮವನ್ನೇ ತೆಗೆದುಕೊಂಡು ಪದಗಳನ್ನಷ್ಟೇ ಕನ್ನಡಕ್ಕೆ ಬದಲಾಯಿಸಿದರೆ ‘ನಾಲ್ಕು ಲಕ್ಷ ಮೂವತ್ತು ಏಳು ಸಾವಿರ ಎರಡು ನೂರು ಎಂಬತ್ತು ಐದು’ ಎಂದು ಬರುತ್ತದೆ. ಅರ್ಥವಾಗುತ್ತದೆ, ಆದರೆ ಯಾವ ಕನ್ನಡಿಗನೂ ಹಾಗೆ ಹೇಳುವುದಿಲ್ಲ. ನಾವು ಹೇಳುವುದು ‘ನಾಲ್ಕು ಲಕ್ಷದ ಮೂವತ್ತೇಳು ಸಾವಿರದ ಇನ್ನೂರ ಎಂಬತ್ತೈದು’. ಇಲ್ಲಿ ಎರಡು ಸಂಗತಿಗಳಿವೆ.

ಮೊದಲನೆಯದು ಸಂಧಿ. ಇಪ್ಪತ್ತು, ಮೂವತ್ತು ಎಂಬವುಗಳ ಮುಂದೆ ಒಂದು, ಎರಡು, ಐದು, ಆರು, ಏಳು, ಎಂಟು, ಒಂಬತ್ತು ಬಂದರೆ ಎಲ್ಲವೂ ಸ್ವರದಿಂದ ಆರಂಭವಾಗುವುದರಿಂದ ಹಿಂದಿನ ಉಕಾರ ಲೋಪವಾಗಿ ಇಪ್ಪತ್ತೊಂದು, ಇಪ್ಪತ್ತೆರಡು ಎಂದಾಗುತ್ತದೆ. ವ್ಯಂಜನದಿಂದ ಆರಂಭವಾಗುವುದು ಮೂರು ಮತ್ತು ನಾಲ್ಕು ಮಾತ್ರ. ಅಲ್ಲಿ ಇಪ್ಪತ್ತಮೂರು, ಇಪ್ಪತ್ತನಾಲ್ಕು. ಹನ್ನೊಂದರಿಂದ ಹತ್ತೊಂಬತ್ತರವರೆಗಿನವುಗಳ ದಾರಿಯೇ ಬೇರೆ. ನೂರುಗಳೂ ಹಾಗೆಯೇ: ಇನ್ನೂರು, ಮುನ್ನೂರು, ನಾನೂರು, ಐನೂರು, ಕೊನೆಗೆ ಒಂಬೈನೂರು. ಸಂಧಿಯ ನಿಯಮವನ್ನೇ ಸೂತ್ರದೊಳಗೆ ಬರೆಯುವ ಜಾಣತನ ತೋರಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಅದು ಬೇಡ. ಒಂದರಿಂದ ತೊಂಬತ್ತೊಂಬತ್ತರವರೆಗೆ 99 ಪದ, ನೂರುಗಳ 9 ಪದ, ಇಷ್ಟನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದಿಟ್ಟು ಸೂತ್ರ ಅಲ್ಲಿಂದ ಎತ್ತಿಕೊಳ್ಳುವಂತೆ ಮಾಡಿದರೆ ಸಾಕು. ಸೂತ್ರ ತಿಳಿಯದ ಶಾಲಾ ಮಾಸ್ತರರೂ ಆ ಹಾಳೆಯನ್ನು ಓದಿ ತಪ್ಪನ್ನು ತೋರಿಸಬಲ್ಲರು. ‘ಐನೂರು’ ಬೇಡ, ‘ಐದುನೂರು’ ಇರಲಿ ಎಂದು ಆಡಳಿತ ಮಂಡಳಿ ತೀರ್ಮಾನಿಸಿದರೆ ಗುಮಾಸ್ತನೇ ಬದಲಿಸಬಲ್ಲ.

ಎರಡನೆಯದು ವಿಭಕ್ತಿ. ನಾಲ್ಕು ಲಕ್ಷವೇ ಪೂರ್ತಿ ಮೊಬಲಗಾದರೆ ‘ನಾಲ್ಕು ಲಕ್ಷ’. ಮುಂದೆ ಏನಾದರೂ ಉಳಿದಿದ್ದರೆ ‘ನಾಲ್ಕು ಲಕ್ಷದ’. ಹಾಗೆಯೇ ಕೋಟಿ ಮತ್ತು ಕೋಟಿಯ, ಸಾವಿರ ಮತ್ತು ಸಾವಿರದ, ಇನ್ನೂರು ಮತ್ತು ಇನ್ನೂರ. ಪ್ರತಿ ಸ್ಥಾನಕ್ಕೂ ಎರಡು ರೂಪಗಳನ್ನು ಹಾಳೆಯಲ್ಲಿ ಇಡಬೇಕು. ನಿಯಮ ಒಂದೇ ವಾಕ್ಯದ್ದು: ಭಾಗಿಸಿದ ಮೇಲೆ ಶೇಷ ಸೊನ್ನೆಯಾದರೆ ನಿಲ್ಲುವ ರೂಪ, ಇಲ್ಲದಿದ್ದರೆ ಕೂಡುವ ರೂಪ. ಇಂಗ್ಲಿಷಿಗೆ ಈ ತೊಡಕಿಲ್ಲದ ಕಾರಣ ಇಂಗ್ಲಿಷಿನ ಮಾದರಿಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ.

ಇಲ್ಲಿ ಭಾಷೆಯ ಜೊತೆಗೆ ಭದ್ರತೆಯ ಮಾತೂ ಇದೆ. ಮಾತಿನಲ್ಲಿ ನಾವು 1,500ಕ್ಕೆ ‘ಸಾವಿರದ ಐನೂರು’ ಎನ್ನುತ್ತೇವೆ. ಪಟ್ಟಿಯಲ್ಲಿ ಹಾಗೆ ಅಚ್ಚಾದರೆ, ಎಡಗಡೆ ಖಾಲಿ ಜಾಗವಿದ್ದರೆ, ‘ಹತ್ತು’ ಎಂದು ಸೇರಿಸಲು ಎಷ್ಟು ಹೊತ್ತು ಬೇಕು? ಆದುದರಿಂದ ‘ಒಂದು ಸಾವಿರದ’, ‘ಒಂದು ಲಕ್ಷದ’ ಎಂದೇ ಬರೆಯಿಸತಕ್ಕದ್ದು. ನೂರಕ್ಕೆ ‘ಒಂದು ನೂರು’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಅದಕ್ಕೆ ಉಪಾಯವೆಂದರೆ ಸಾಲಿನ ಮೊದಲಿಗೇ ‘ರೂಪಾಯಿ’ ಎಂದು ಇಟ್ಟು ಕೊನೆಗೆ ‘ಮಾತ್ರ’ ಎಂದು ಮುಗಿಸುವುದು. ‘ರೂಪಾಯಿ ನಾಲ್ಕು ಲಕ್ಷದ ಮೂವತ್ತೇಳು ಸಾವಿರದ ಇನ್ನೂರ ಎಂಬತ್ತೈದು, ಪೈಸೆ ಐವತ್ತು ಮಾತ್ರ.’ ಹಿಂದೆಯೂ ಮುಂದೆಯೂ ಬೇಲಿ ಬಿದ್ದ ಹಾಗಾಯಿತು.

ಕನ್ನಡದ ಪದಗಳನ್ನು ಹಾಳೆಯಲ್ಲಿ ಇಡಲು ಇನ್ನೂ ಒಂದು ಬಲವಾದ ಕಾರಣವಿದೆ. ವಿಷುಯಲ್ ಬೇಸಿಕ್ ಬರೆಯುವ ಕಿಟಕಿ ಹಳೆಯ ಕಾಲದ್ದು, ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಅಲ್ಲಿ ‘ಸಾವಿರ’ ಎಂದು ಬರೆಯಹೋದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡುತ್ತದೆ. ಹುಡುಗರು ಇದನ್ನು ನೋಡಿ ‘ಎಕ್ಸೆಲ್‌ನಲ್ಲಿ ಕನ್ನಡ ಆಗುವುದಿಲ್ಲ’ ಎಂದು ಕೈಬಿಡುತ್ತಾರೆ. ಎಕ್ಸೆಲ್‌ನ ಹಾಳೆಗೆ ಕನ್ನಡ ಚೆನ್ನಾಗಿಯೇ ಬರುತ್ತದೆ; ಬಾರದಿರುವುದು ಆ ಕಿಟಕಿಗೆ ಮಾತ್ರ. ಪದ ಹಾಳೆಯಲ್ಲಿರಲಿ, ಕಿಟಕಿಯಲ್ಲಿ ‘ಇಂತಿಷ್ಟನೇ ಸಾಲಿನ ಪದವನ್ನು ತಾ’ ಎಂಬ ಆಜ್ಞೆ ಇರಲಿ. ಆ ಆಜ್ಞೆಯಲ್ಲಿ ‘ದಿಸ್ ವರ್ಕ್‌ಬುಕ್’ ಎಂದು ಹೇಳಬೇಕು, ‘ಆಕ್ಟಿವ್ ವರ್ಕ್‌ಬುಕ್’ ಎಂದಲ್ಲ. ಮೊದಲನೆಯದು ಆಡ್-ಇನ್‌ನ ಸ್ವಂತ ಹಾಳೆ. ಎರಡನೆಯದೆಂದರೆ ಆಗ ಕಣ್ಣೆದುರು ತೆರೆದಿರುವ ಖಾತೆ, ಅದರಲ್ಲಿ ಪದಗಳ ಹಾಳೆ ಎಲ್ಲಿಂದ ಬರಬೇಕು?

ಪದಗಳನ್ನು ಯೂನಿಕೋಡಿನಲ್ಲಿಯೇ ಬೆರಳಚ್ಚು ಮಾಡತಕ್ಕದ್ದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಾಗಲಿ ಬರಹದಲ್ಲಾಗಲಿ ಹಳೆಯ ಅಕ್ಷರವಿನ್ಯಾಸವನ್ನು ಆರಿಸಿ ಬರೆದ ಪದಗಳು ಆ ಫಾಂಟು ಇರುವವರೆಗೆ ಮಾತ್ರ ಕನ್ನಡ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಎರಡೂ ತಂತ್ರಾಂಶಗಳಲ್ಲಿ ಯೂನಿಕೋಡಿನ ಆಯ್ಕೆ ಇದೆ, ಕೀಲಿಮಣೆಯೂ ಬದಲಾಗುವುದಿಲ್ಲ.

ಒಂದು ಪೈಸೆಯ ವಿಚಾರ

ಇದು ಸಣ್ಣ ವಿಷಯವೆಂದು ಹಾರಿಸಿ ಓದಬಾರದೆಂದು ಪ್ರಾರ್ಥನೆ. ಕಂಪ್ಯೂಟರು ಸಂಖ್ಯೆಗಳನ್ನು ಇಡುವುದು ಎರಡರ ಮಾನದಲ್ಲಿ. ನಮ್ಮ ಹತ್ತರ ಮಾನದ 0.29 ಎಂಬುದು ಅಲ್ಲಿ ಸರಿಯಾಗಿ ಕೂರುವುದಿಲ್ಲ. ಅದನ್ನು 100ರಿಂದ ಗುಣಿಸಿದರೆ ಒಳಗೆ ಬರುವುದು 29 ಅಲ್ಲ, 28.999 ಎಂದು ಸಾಗುವ ಒಂದು ಸಂಖ್ಯೆ. ಸೂತ್ರ ಬರೆದವನು ಪೂರ್ಣಾಂಕವನ್ನಷ್ಟೇ ಕತ್ತರಿಸಿಕೊಂಡರೆ ಅಂಕಿಯಲ್ಲಿ 29 ಪೈಸೆ, ಅಕ್ಷರದಲ್ಲಿ ‘ಇಪ್ಪತ್ತೆಂಟು’! ಹಣಕ್ಕೆಂದೇ ವಿಷುಯಲ್ ಬೇಸಿಕ್‌ನಲ್ಲಿ ‘ಕರೆನ್ಸಿ’ ಎಂಬ ಬಗೆ ಇದೆ. ಅದು ನಾಲ್ಕು ದಶಮಾಂಶದವರೆಗೆ ಚೊಕ್ಕವಾಗಿ ಇಡುತ್ತದೆ. ಮೊಬಲಗನ್ನು ಮೊದಲು ಅದಕ್ಕೆ ಪರಿವರ್ತಿಸಿಕೊಂಡೇ ಮುಂದಿನ ಕೆಲಸ.

ಸುತ್ತು ಹಾಕುವುದರಲ್ಲಿಯೂ ಒಂದು ಗುಂಡಿ ಇದೆ. ಹಾಳೆಯ ‘ರೌಂಡ್’ ಸೂತ್ರಕ್ಕೆ 2.5 ಕೊಟ್ಟರೆ 3 ಬರುತ್ತದೆ, ನಮ್ಮ ವಾಡಿಕೆಯೂ ಅದೇ. ವಿಷುಯಲ್ ಬೇಸಿಕ್‌ನ ‘ರೌಂಡ್’ಗೆ ಅದೇ 2.5 ಕೊಟ್ಟರೆ 2 ಬರುತ್ತದೆ, 3.5 ಕೊಟ್ಟರೆ 4. ಸರಿ ಅರ್ಧ ಬಂದಾಗ ಸಮಸಂಖ್ಯೆಯ ಕಡೆಗೆ ವಾಲುವುದು ಅದರ ನಿಯಮ. ಹೆಸರು ಒಂದೇ, ನಡತೆ ಬೇರೆ. ಆದ್ದರಿಂದ ಸೂತ್ರದ ಒಳಗೂ ಹಾಳೆಯ ರೌಂಡನ್ನೇ ಕರೆಯಬೇಕು. ‘ವರ್ಕ್‌ಶೀಟ್ ಫಂಕ್ಷನ್’ ಎಂಬ ಮುನ್ನುಡಿಯೊಡನೆ ಅದು ದೊರೆಯುತ್ತದೆ. ಪೈಸೆಯ ವ್ಯತ್ಯಾಸಕ್ಕೆ ಯಾರು ಜಗಳವಾಡುತ್ತಾರೆ ಎನ್ನಬೇಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಬೆಳೆಯ ಹೆಸರಿನಲ್ಲೇ ಗಾದೆ ಇದೆಯಲ್ಲ.

ಮೂರನೆಯದು ಬೇಗ ಹೇಳಿ ಮುಗಿಸುತ್ತೇವೆ. ‘ಇಂಟಿಜರ್’ ಎಂಬ ಬಗೆಯಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಸಣ್ಣ ಮೊಬಲಗಿಗೆ ಚೆನ್ನಾಗಿ ನಡೆದ ಸೂತ್ರ ಒಂದು ಕ್ವಿಂಟಾಲ್ ಅಡಿಕೆಯ ಬೆಲೆಗೇ ಮುಗ್ಗರಿಸುತ್ತದೆ. ‘ಲಾಂಗ್’ ಎಂದು ಬರೆದರೆ 214 ಕೋಟಿಯವರೆಗೆ ಚಿಂತೆಯಿಲ್ಲ.

ಸೂತ್ರದಲ್ಲಿ ಏನಿರಬೇಕು, ಏನಿರಬಾರದು

ಒಂದು ಸೂತ್ರ ಕೆಲಸ ಮಾಡಿತೆಂದರೆ ಇನ್ನಷ್ಟು ಬೇಕೆನಿಸುವುದು ಸಹಜ. ಕಾಫಿಯವರಿಗೆ ಉಪಯುಕ್ತವಾದ ಇನ್ನೊಂದನ್ನು ಹೇಳುತ್ತೇವೆ. ಒಣಗಿದ ಚೆರಿಯ 50 ಕಿಲೋ ಚೀಲದಿಂದ ಎಷ್ಟು ಕಿಲೋ ಬೇಳೆ ಬರುತ್ತದೆಯೋ ಅದೇ ಔಟ್‌ಟರ್ನ್, ಎಲ್ಲರೂ ಹೇಳುವಂತೆ ಓಟಿ. 1,340 ಕಿಲೋ ಚೆರಿ ಎಂದರೆ 26.8 ಚೀಲ. ಓಟಿ 26.5 ಎಂದೂ ಕಿಲೋ ಬೇಳೆಗೆ 200 ರೂಪಾಯಿ ಎಂದೂ ಇಟ್ಟುಕೊಳ್ಳೋಣ (ಇದು ಲೆಕ್ಕಕ್ಕೆ ಹಿಡಿದ ದರ, ಪೇಟೆಯ ದರವಲ್ಲ). 26.8 × 26.5 = 710.2 ಕಿಲೋ ಬೇಳೆ, 1,42,040 ರೂಪಾಯಿ. ತೂಕ, ಓಟಿ, ದರ ಮೂರನ್ನು ಕೊಟ್ಟರೆ ಮೊಬಲಗನ್ನು ಕೊಡುವ ಸೂತ್ರ ಮೂರು ಸಾಲಿನದು. ಅಡಿಕೆಗೆ ಇನ್ನೂ ಸುಲಭ: 3 ಕ್ವಿಂಟಾಲ್ 47 ಕಿಲೋ, ಕ್ವಿಂಟಾಲಿಗೆ 48,500ರಂತೆ ಹಿಡಿದರೆ 1,68,295.

ಆದರೆ ದರವನ್ನಾಗಲಿ, ಮಾರುಕಟ್ಟೆ ಶುಲ್ಕವನ್ನಾಗಲಿ, ಬಡ್ಡಿಯನ್ನಾಗಲಿ, ತೆರಿಗೆಯನ್ನಾಗಲಿ ಸೂತ್ರದೊಳಗೆ ಬರೆದಿಡಕೂಡದು. ಅವು ಸರ್ಕಾರದ ಒಂದು ಆದೇಶಕ್ಕೆ, ಮಂಡಳಿಯ ಒಂದು ಠರಾವಿಗೆ ಬದಲಾಗುವಂಥವು. ಒಳಗೆ ಹುದುಗಿದ ಹಳೆಯ ದರ ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಪಟ್ಟಿಗಳನ್ನು ಕೆಡಿಸುತ್ತದೆ. ಅವೆಲ್ಲ ಪಟ್ಟಿಯ ಮೇಲೆಯೇ, ಸದಸ್ಯನಿಗೂ ಕಾಣುವ ಮನೆಯಲ್ಲಿ ಇರಲಿ. ಸೂತ್ರದೊಳಗೆ ಇರತಕ್ಕದ್ದು ಬದಲಾಗದ್ದು ಮಾತ್ರ: ಲಕ್ಷಕ್ಕೆ ನೂರು ಸಾವಿರ, ಚೀಲಕ್ಕೆ 50 ಕಿಲೋ, ಇಪ್ಪತ್ತರ ಮುಂದೆ ಇಪ್ಪತ್ತೊಂದು.

ಸದಸ್ಯನೇ ಸಂಘಕ್ಕೆ ಕೊಡಬೇಕಾಗಿ ಬಂದರೆ ಮೊಬಲಗು ಋಣ ಚಿಹ್ನೆಯೊಡನೆ ಬರುತ್ತದೆ. ಸೂತ್ರ ಆ ಚಿಹ್ನೆಯನ್ನು ನುಂಗಿಬಿಟ್ಟರೆ ಬಾಕಿದಾರ ಹಣ ಪಡೆಯುವವನಾಗಿ ಕಾಣುತ್ತಾನೆ. ಅಂಥಲ್ಲಿ ಮೊದಲಿಗೆ ‘ಬಾಕಿ’ ಎಂದು ಬರೆಯಿಸಬೇಕು. ನೂರು ಕೋಟಿಗೆ ಮೇಲ್ಪಟ್ಟರೆ ‘ಮಿತಿ ಮೀರಿದೆ’ ಎಂದು ಬರಲಿ; ನಮ್ಮ ಸಂಘಕ್ಕೆ ಆ ಯೋಗ ಬಂದ ದಿನ ಸೂತ್ರವನ್ನು ತಿದ್ದಿಕೊಳ್ಳೋಣ.

ಪರೀಕ್ಷೆಯಿಲ್ಲದೆ ಬಳಕೆಗೆ ತರಬಾರದು. 1ರಿಂದ 999ರವರೆಗೆ ಒಂದು ಕಂಬದಲ್ಲಿ ಅಂಕಿ, ಪಕ್ಕದಲ್ಲಿ ಸೂತ್ರ ಹಾಕಿ ಅಚ್ಚು ತೆಗೆದು, ಇಬ್ಬರು ಕೂತು ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ಒಂದು ಮಧ್ಯಾಹ್ನದ ಕೆಲಸ. ಆಮೇಲೆ 0, 0.29, 1,000, 1,001, 1,00,000, 1,00,001, 9,99,999, 1,00,00,000. ತಪ್ಪು ಅಡಗುವುದು ಇಂಥ ಅಂಚುಗಳಲ್ಲಿ.

ಮ್ಯಾಕ್ರೋ ಎಂದರೆ ಬ್ಯಾಂಕಿನವರೂ ಲೆಕ್ಕ ತಪಾಸಣೆಯವರೂ ಹುಬ್ಬೇರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. 1999ರಲ್ಲಿ ಲೋಕವನ್ನೆಲ್ಲ ಕಾಡಿದ ಮೆಲಿಸ್ಸಾ ಎಂಬ ವೈರಸ್ಸು ವರ್ಡ್ ಕಡತದ ಮ್ಯಾಕ್ರೋ ಆಗಿಯೇ ಬಂದದ್ದು. 2022ರಿಂದ ಮೈಕ್ರೋಸಾಫ್ಟ್‌ನವರು ಅಂತರಜಾಲದಿಂದ ಇಳಿಸಿದ ಕಡತಗಳ ಮ್ಯಾಕ್ರೋಗಳನ್ನು ತಡೆದೇ ಇಡುತ್ತಾರೆ. ತೊಂದರೆಯಾಯಿತೆಂದು ‘ಎಲ್ಲ ಮ್ಯಾಕ್ರೋಗಳಿಗೂ ಅನುಮತಿ’ ಎಂಬ ಆಯ್ಕೆಯನ್ನು ಒತ್ತಿಬಿಡುವುದು ತೋಟದ ಗೇಟು ತೆಗೆದು ಊರಿಗೆ ಹೋದ ಹಾಗೆ. ಕೈಯಿಂದ ಕೈಗೆ ಬಂದ, ಯಾರು ಬರೆದರೆಂದು ಗೊತ್ತಿರುವ ಆಡ್-ಇನ್ ಒಂದಕ್ಕೆ ಮಾತ್ರ, ಅದರ ಗುಣಲಕ್ಷಣದ ಪುಟದಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿ ಬಿಡಬೇಕು.

ಆಡ್-ಇನ್ ಇಲ್ಲದ ಕಂಪ್ಯೂಟರಿಗೆ ಪಟ್ಟಿಯನ್ನು ಕಳಿಸಿದರೆ ಅಕ್ಷರದ ಮನೆಯಲ್ಲಿ ಹೆಸರು ತಿಳಿಯದೆಂಬ ದೋಷ ಕಾಣಬಹುದು. ಕಳಿಸುವ ಮೊದಲು ಪಿಡಿಎಫ್ ಮಾಡುವುದು, ಅಥವಾ ಸೂತ್ರವನ್ನು ತೆಗೆದು ಮೌಲ್ಯವನ್ನಷ್ಟೇ ಅಂಟಿಸುವುದು ಒಳ್ಳೆಯದು. ಎಕ್ಸೆಲ್ ಕೊಳ್ಳುವ ಶಕ್ತಿಯಿಲ್ಲದ ಸಂಘಗಳಿಗೆ ಲಿಬ್ರೆ ಆಫೀಸ್ ಉಚಿತವಾಗಿ ದೊರೆಯುತ್ತದೆ. ಅದರ ಬೇಸಿಕ್ ಕಿಟಕಿಗೆ ಕನ್ನಡ ನೇರವಾಗಿ ಬರುತ್ತದೆ, ಅದೊಂದು ಸಮಾಧಾನ. ಮೈಕ್ರೋಸಾಫ್ಟ್ 365 ಉಳ್ಳವರು ‘ಲ್ಯಾಂಬ್ಡಾ’ ಎಂಬ ಹೊಸ ಸೌಲಭ್ಯದಿಂದ ಮ್ಯಾಕ್ರೋ ಇಲ್ಲದೆಯೇ ಹೆಸರಿಟ್ಟ ಸೂತ್ರ ಮಾಡಿಕೊಳ್ಳಬಹುದು. ಹಳೆಯ ಆವೃತ್ತಿಗಳಲ್ಲಿ ಅದು ನಡೆಯದ ಕಾರಣ ಇಲ್ಲಿ ವಿಸ್ತರಿಸಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಬರೆಯುವ ಬಗೆಯೂ ಇದೆ. ಅದಕ್ಕೆ ಸರ್ವರು ಮುಂತಾದ ಏರ್ಪಾಡು ಬೇಕಾಗುವುದರಿಂದ ಸಣ್ಣ ಸಂಘಕ್ಕೆ ಹೇಳಿದ್ದಲ್ಲ.

ಸೂತ್ರವನ್ನು ಬರೆದ ಹುಡುಗ ನಾಳೆ ಬೆಂಗಳೂರಿಗೆ ಹೋಗುತ್ತಾನೆ. ಆದುದರಿಂದ ಸೂತ್ರದ ಪೂರ್ತಿ ಪಾಠವನ್ನೂ ಪದಗಳ ಹಾಳೆಯನ್ನೂ ಅಚ್ಚು ತೆಗೆದು, ಯಾವ ದಿನ ಯಾವ ಬದಲಾವಣೆ ಆಯಿತೆಂಬುದನ್ನು ಅದರ ಮೇಲೆ ಬರೆದು, ಸಂಘದ ದಾಖಲೆಯಲ್ಲಿ ಇಡತಕ್ಕದ್ದು. ಗುಪ್ತಪದ ಹಾಕಿ ಮುಚ್ಚಿಟ್ಟ ಸೂತ್ರವನ್ನು ಸಂಘ ಒಪ್ಪಿಕೊಳ್ಳಬಾರದು. ಕನಿಷ್ಠ ಇಬ್ಬರು ಅದನ್ನು ತೆರೆದು ತೋರಿಸಬಲ್ಲವರಾಗಿರಬೇಕು, ಅವರಲ್ಲಿ ಒಬ್ಬರು ಊರಿನಲ್ಲೇ ಇರುವವರಾಗಿರಬೇಕು.

99 ಮತ್ತು 9 ಪದಗಳ ಹಾಳೆಯ ಅಚ್ಚು ಪ್ರತಿಯನ್ನು ನಮ್ಮ ಚೋರನೂರಿನ ಕಚೇರಿಯಲ್ಲಿ ಇಟ್ಟಿದ್ದೇವೆ. ‘ಇಪ್ಪತ್ತಮೂರು’ ಸರಿಯೋ ‘ಇಪ್ಪತ್ಮೂರು’ ಸರಿಯೋ, ‘ನಾನೂರು’ ಇರಲೋ ‘ನಾಲ್ಕುನೂರು’ ಇರಲೋ ಎಂಬ ಬಗ್ಗೆ ಸದಸ್ಯರು ಓದಿ ನೋಡಿ ತಮ್ಮ ಅಭಿಪ್ರಾಯವನ್ನು ಅದರ ಅಂಚಿನಲ್ಲಿಯೇ ಬರೆದು ಹೋಗಬಹುದು. ಮುಂದಿನ ಮಾರಾಟದ ಪಟ್ಟಿಗಳು ಆ ತಿದ್ದುಪಡಿಗಳೊಂದಿಗೆ ಅಚ್ಚಾಗುತ್ತವೆ.